ಸೊಂಟದ ಕೀಲಿನ ಮರುಬದಲಿ ಶಸ್ತ್ರಚಿಕಿತ್ಸೆ

ಸೊಂಟದ ಕೀಲಿನ ಮರುಬದಲಿ ಶಸ್ತ್ರಚಿಕಿತ್ಸೆ ಎಂದರೆ ಈ ಹಿಂದೆ ಅಳವಡಿಸಲಾಗಿದ್ದ ಕೃತಕ ಸೊಂಟದ ಕೀಲಿನ ಒಂದು ಭಾಗವನ್ನೋ ಎಲ್ಲ ಭಾಗಗಳನ್ನೋ ತೆಗೆದು, ಅವುಗಳ ಜಾಗದಲ್ಲಿ ಹೊಸ ಭಾಗಗಳನ್ನು ಜೋಡಿಸುವ ಮೂಳೆ ಶಸ್ತ್ರಚಿಕಿತ್ಸೆ. ವೈದ್ಯಕೀಯ ವಲಯದಲ್ಲಿ ಇದನ್ನು ರಿವಿಷನ್ ಹಿಪ್ ರಿಪ್ಲೇಸ್‌ಮೆಂಟ್ ಎಂದು ಕರೆಯುತ್ತಾರೆ. ಮೊದಲ ಸಲ ನಡೆಯುವ ಬದಲಿ ಶಸ್ತ್ರಚಿಕಿತ್ಸೆಯನ್ನು ಪ್ರಾಥಮಿಕ ಶಸ್ತ್ರಚಿಕಿತ್ಸೆ ಎನ್ನಲಾಗುತ್ತದೆ. ಮರುಬದಲಿಯು ಅದಕ್ಕಿಂತ ಹೆಚ್ಚು ಸಮಯ ಹಿಡಿಯುವ, ಹೆಚ್ಚು ರಕ್ತನಷ್ಟವಾಗುವ ಹಾಗೂ ಹೆಚ್ಚು ತೊಡಕುಗಳ ಸಾಧ್ಯತೆಯುಳ್ಳ ಶಸ್ತ್ರಚಿಕಿತ್ಸೆಯಾಗಿದೆ. ಹಳೆಯ ಇಂಪ್ಲಾಂಟ್ ಸಡಿಲವಾಗುವಾಗಲೂ ಅದನ್ನು ಹೊರತೆಗೆಯುವಾಗಲೂ ಸುತ್ತಲಿನ ಮೂಳೆ ನಷ್ಟವಾಗುವುದೇ ಇದಕ್ಕೆ ಮುಖ್ಯ ಕಾರಣ. ಮರುಬದಲಿಯಲ್ಲಿ ಬಳಸಿದ ಇಂಪ್ಲಾಂಟ್‌ಗಳು ಎಷ್ಟು ವರ್ಷ ಬಾಳುತ್ತವೆ ಎಂಬುದು ಉಳಿದಿರುವ ಮೂಳೆಯ ಪ್ರಮಾಣ, ಮೊದಲ ಕೀಲು ವಿಫಲವಾದ ಕಾರಣ, ಇಂಪ್ಲಾಂಟ್‌ನ ವಿನ್ಯಾಸ ಮತ್ತು ರೋಗಿಯ ವಯಸ್ಸನ್ನು ಅವಲಂಬಿಸಿರುತ್ತದೆ.

ರಚನೆ ಮತ್ತು ಕಾರ್ಯ

ಸೊಂಟದ ಕೀಲು ಗುಂಡು ಮತ್ತು ಬಟ್ಟಲಿನ ಮಾದರಿಯ ಕೀಲು. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡು ಶ್ರೋಣಿಯ ಮೂಳೆಯಲ್ಲಿರುವ ಬಟ್ಟಲಿನಂಥ ಗುಳಿಯೊಳಗೆ ತಿರುಗುತ್ತದೆ. ಪೂರ್ಣ ಬದಲಿ ಶಸ್ತ್ರಚಿಕಿತ್ಸೆಯಲ್ಲಿ ಈ ಎರಡೂ ಭಾಗಗಳ ಸ್ಥಾನದಲ್ಲಿ ಕೃತಕ ಭಾಗಗಳು ಬರುತ್ತವೆ. ಬಟ್ಟಲಿನ ಜಾಗದಲ್ಲಿ ಕಪ್, ಅದರೊಳಗೆ ಪಾಲಿಎಥಿಲೀನ್ ಅಥವಾ ಸಿರಾಮಿಕ್‌ನಿಂದ ಮಾಡಿದ ಒಳಪದರ, ತೊಡೆಮೂಳೆಯ ಟೊಳ್ಳಿನೊಳಗೆ ಇಳಿಸುವ ಲೋಹದ ಕಾಂಡ ಮತ್ತು ಆ ಕಾಂಡದ ಕತ್ತಿನ ಮೇಲೆ ಕೂರುವ ಗುಂಡು ಇವು ಇಂದಿನ ಕೃತಕ ಕೀಲಿನ ನಾಲ್ಕು ಪ್ರಮುಖ ಅಂಗಗಳು.

ಈ ಭಾಗಗಳನ್ನು ಮೂಳೆಗೆ ಹಿಡಿಸಲು ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಮೂಳೆ ಸಿಮೆಂಟನ್ನು ಬಳಸಲಾಗುತ್ತದೆ. ಇದು ಅಂಟಲ್ಲ. ಮೂಳೆಯ ಸೂಕ್ಷ್ಮ ರಂಧ್ರಗಳೊಳಗೆ ಹೊಕ್ಕು ಗಟ್ಟಿಯಾಗಿ, ಮೂಳೆ ಮತ್ತು ಲೋಹದ ನಡುವಿನ ತೆರವನ್ನು ತುಂಬುವ ವಸ್ತು. ಎರಡನೆಯ ವಿಧಾನದಲ್ಲಿ ಒರಟಾದ ಅಥವಾ ರಂಧ್ರಯುಕ್ತ ಮೇಲ್ಮೈಯುಳ್ಳ ಇಂಪ್ಲಾಂಟನ್ನು ಬಿಗಿಯಾಗಿ ಕೂರಿಸಲಾಗುತ್ತದೆ. ಮುಂದಿನ ವಾರಗಳಲ್ಲಿ ಮೂಳೆಯು ಆ ರಂಧ್ರಗಳೊಳಗೆ ಬೆಳೆದು ಇಂಪ್ಲಾಂಟನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಆರಂಭದಲ್ಲಿ ಇಂಪ್ಲಾಂಟ್ ಅಲುಗಾಡದಂತೆ ಕೂರುವುದು ಮತ್ತು ಅದಕ್ಕೆ ತಾಗಿರುವ ಮೂಳೆ ಜೀವಂತವಾಗಿರುವುದು ಅಗತ್ಯ. ಮರುಬದಲಿಯಲ್ಲಿ ಈ ಎರಡೂ ಅಗತ್ಯಗಳನ್ನು ಪೂರೈಸುವುದು ಕಷ್ಟ. ಸಡಿಲವಾದ ಇಂಪ್ಲಾಂಟ್ ಇದ್ದ ಜಾಗದಲ್ಲಿ ಮೂಳೆಯ ಒಳಗೋಡೆ ನುಣುಪಾಗಿ, ಗಡುಸಾಗಿ, ರಂಧ್ರಗಳಿಲ್ಲದಂತಾಗಿರುತ್ತದೆ. ಹೀಗಾಗಿ ಅಲ್ಲಿ ಹೊಸ ಸಿಮೆಂಟ್ ಚೆನ್ನಾಗಿ ಹಿಡಿಯುವುದಿಲ್ಲ. ಹೊಸ ಮೂಳೆಯೂ ಸುಲಭವಾಗಿ ಬೆಳೆಯುವುದಿಲ್ಲ.

ಇತಿಹಾಸ

ಇಂದಿನ ಸೊಂಟದ ಬದಲಿ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ. ಲ್ಯಾಂಕಾಶೈರಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಅವರು ಸಣ್ಣ ಗಾತ್ರದ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಮತ್ತು ಮೂಳೆ ಸಿಮೆಂಟ್‌ಗಳನ್ನು ಒಟ್ಟುಗೂಡಿಸಿ, ಕಡಿಮೆ ಘರ್ಷಣೆಯ ಕೀಲನ್ನು ರೂಪಿಸಿದರು. ಬಟ್ಟಲಿಗೆ ಅವರು ಮೊದಲು ಬಳಸಿದ ವಸ್ತು ಟೆಫ್ಲಾನ್. ಆರಂಭದ ಫಲಿತಾಂಶಗಳು ಉತ್ತಮವಾಗಿದ್ದರೂ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ವೇಗವಾಗಿ ಸವೆದು, ಅದರ ಕಣಗಳು ಸುತ್ತಲಿನ ಅಂಗಾಂಶದಲ್ಲಿ ತೀವ್ರ ಪ್ರತಿಕ್ರಿಯೆಯನ್ನು ಉಂಟುಮಾಡಿದವು. ಹಲವಾರು ರೋಗಿಗಳಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಚಾರ್ನ್‌ಲಿಯವರು ಟೆಫ್ಲಾನ್ ಮತ್ತು ಪಾಲಿಎಥಿಲೀನ್ ಕಣಗಳನ್ನು ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನ್ ಇದ್ದ ಕಡೆ ಗಂಟು ಕಾಣಿಸಿಕೊಂಡಿತು. 1962ರ ನವೆಂಬರ್‌ನಿಂದ ಅವರು ಅಧಿಕ ಅಣುತೂಕದ ಪಾಲಿಎಥಿಲೀನ್ ಬಟ್ಟಲನ್ನು ಬಳಸತೊಡಗಿದರು. ಆ ವಿನ್ಯಾಸವು ದಶಕಗಳ ಕಾಲ ಉಳಿದ ಇಂಪ್ಲಾಂಟ್‌ಗಳಿಗೆ ಮಾದರಿಯಾಯಿತು. ಕೃತಕ ಕೀಲಿನ ಆರಂಭದ ಯಶಸ್ಸು ಅದರ ದೀರ್ಘ ಬಾಳಿಕೆಗೆ ಸಾಕ್ಷಿಯಲ್ಲ ಎಂಬ ಪಾಠ ಟೆಫ್ಲಾನ್ ಅನುಭವದಿಂದ ದೊರೆಯಿತು.

1970 ಮತ್ತು 1980ರ ದಶಕಗಳಲ್ಲಿ ಸಡಿಲವಾದ ಕೀಲುಗಳ ಸುತ್ತ ಮೂಳೆ ಕರಗುವುದನ್ನು ಸಿಮೆಂಟಿನಿಂದಾದ ದೋಷವೆಂದು ಅನೇಕರು ಭಾವಿಸಿದರು. ಸಿಮೆಂಟ್ ಇಲ್ಲದ ಇಂಪ್ಲಾಂಟ್‌ಗಳ ಸುತ್ತಲೂ ಅದೇ ಬಗೆಯ ನಷ್ಟ ಕಂಡುಬಂದಾಗ, ಸವೆತದಿಂದ ಉದುರುವ ಕಣಗಳೇ ಮುಖ್ಯ ಕಾರಣವೆಂಬುದು ಸ್ಪಷ್ಟವಾಯಿತು. ಇದರ ಫಲವಾಗಿ 1990ರ ದಶಕದ ಕೊನೆಯಲ್ಲಿ, ವಿಕಿರಣದಿಂದ ಅಣುಗಳ ನಡುವೆ ಹೆಚ್ಚಿನ ಬಂಧಗಳನ್ನು ಉಂಟುಮಾಡಿದ ಪಾಲಿಎಥಿಲೀನ್ ಬಳಕೆಗೆ ಬಂದಿತು. ಇದರ ಸವೆತವು ಹಳೆಯ ಪಾಲಿಎಥಿಲೀನ್‌ಗಿಂತ ಗಣನೀಯವಾಗಿ ಕಡಿಮೆ.

ಮರುಬದಲಿಗೆ ಕಾರಣಗಳು

ಸೋಂಕುರಹಿತ ಸಡಿಲಿಕೆ: ದೀರ್ಘಾವಧಿಯಲ್ಲಿ ಮರುಬದಲಿಗೆ ಇದು ಪ್ರಮುಖ ಕಾರಣಗಳಲ್ಲೊಂದು. ಉಜ್ಜುವ ಮೇಲ್ಮೈಗಳಿಂದ ಉದುರಿದ ಸೂಕ್ಷ್ಮ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ನುಂಗುತ್ತವೆ. ಅವುಗಳಿಂದ ಅವು ಕರಗುವುದಿಲ್ಲವಾದ್ದರಿಂದ ಉರಿಯೂತದ ಸಂಕೇತಗಳು ಸ್ರವಿಸಲ್ಪಡುತ್ತವೆ. ಈ ಸಂಕೇತಗಳು ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಪ್ರಚೋದಿಸುತ್ತವೆ. ವರ್ಷಗಳುದ್ದಕ್ಕೂ ನಡೆಯುವ ಈ ಕ್ರಿಯೆಯಿಂದ ಇಂಪ್ಲಾಂಟಿನ ಸುತ್ತ ಟೊಳ್ಳುಗಳು ಉಂಟಾಗುತ್ತವೆ. ಬಹಳ ಕಾಲ ರೋಗಿಗೆ ನೋವೇ ಇರದಿರಬಹುದು. ನೋವು ಕಾಣಿಸಿಕೊಳ್ಳುವ ವೇಳೆಗೆ ಗಣನೀಯ ಪ್ರಮಾಣದ ಮೂಳೆ ನಷ್ಟವಾಗಿರಬಹುದು.

ಕೀಲು ಜಾರುವಿಕೆ: ಗುಂಡು ಬಟ್ಟಲಿನಿಂದ ಹೊರಜಾರುವುದು ಆರಂಭದ ವರ್ಷಗಳಲ್ಲಿ ಮರುಬದಲಿಗೆ ಸಾಮಾನ್ಯ ಕಾರಣ. ಭಾಗಗಳ ಕೋನದ ದೋಷ, ಸ್ನಾಯುಗಳ ದೌರ್ಬಲ್ಯ, ನರರೋಗಗಳು ಹಾಗೂ ಬೆನ್ನುಮೂಳೆಯ ಬಿಗಿತ ಇದಕ್ಕೆ ಎಡೆಮಾಡಿಕೊಡುತ್ತವೆ.

ಸೋಂಕು: ಬ್ಯಾಕ್ಟೀರಿಯಾಗಳು ಲೋಹದ ಮೇಲ್ಮೈಯಲ್ಲಿ ಜೈವಿಕ ಪದರವನ್ನು ರಚಿಸಿಕೊಂಡು ಅದರೊಳಗೆ ಅಡಗಿಕೊಳ್ಳುತ್ತವೆ. ಈ ಪದರದೊಳಗಿರುವ ಬ್ಯಾಕ್ಟೀರಿಯಾಗಳನ್ನು ಪ್ರತಿಜೈವಿಕ ಔಷಧಿಯೊಂದರಿಂದಲೇ ನಿವಾರಿಸುವುದು ಬಹುತೇಕ ಅಸಾಧ್ಯ.

ಇಂಪ್ಲಾಂಟ್ ಸುತ್ತಲಿನ ಮೂಳೆ ಮುರಿತ: ಕಾಂಡದ ಸುತ್ತ ತೊಡೆಮೂಳೆ ಮುರಿಯುವುದು ವಯೋವೃದ್ಧರಲ್ಲಿ ಹೆಚ್ಚು. 1995ರಲ್ಲಿ ಪ್ರಕಟವಾದ ವ್ಯಾಂಕೂವರ್ ವರ್ಗೀಕರಣವು ಮುರಿತದ ಸ್ಥಳ, ಕಾಂಡದ ಸ್ಥಿರತೆ ಮತ್ತು ಉಳಿದ ಮೂಳೆಯ ಗುಣಮಟ್ಟ ಎಂಬ ಮೂರು ಅಂಶಗಳನ್ನು ಆಧರಿಸಿದೆ. ಕಾಂಡ ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಪಟ್ಟಿ ಮತ್ತು ಸ್ಕ್ರೂಗಳಿಂದ ಮುರಿತವನ್ನು ಜೋಡಿಸಬಹುದು. ಸಡಿಲವಾಗಿದ್ದರೆ ಕಾಂಡವನ್ನೇ ಬದಲಿಸಬೇಕಾಗುತ್ತದೆ.

ಲೋಹಕಣಗಳ ಪ್ರತಿಕ್ರಿಯೆ: ಲೋಹದ ಗುಂಡು ಲೋಹದ ಬಟ್ಟಲಿಗೆ ಉಜ್ಜುವ ಕೀಲುಗಳಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ಬಿಡುಗಡೆಯಾಗಿ ಸ್ನಾಯು ಹಾಗೂ ಮೂಳೆಯನ್ನು ಹಾಳುಮಾಡಬಲ್ಲವು. ಗುಂಡು ಮತ್ತು ಕಾಂಡದ ಕತ್ತು ಸೇರುವ ಜಾಗದಲ್ಲಿ ತುಕ್ಕು ಉಂಟಾಗಿಯೂ ಇಂಥ ಪ್ರತಿಕ್ರಿಯೆ ಕಾಣಿಸಿಕೊಳ್ಳಬಹುದು.

ಇವಲ್ಲದೆ ಒಳಪದರದ ಸವೆತ, ಕಾಂಡ ಅಥವಾ ಸಿರಾಮಿಕ್ ಗುಂಡು ಒಡೆಯುವುದು ಮುಂತಾದ ಕಾರಣಗಳೂ ಇವೆ.

ಮೂಳೆ ನಷ್ಟದ ವರ್ಗೀಕರಣ

ಮರುಬದಲಿಯ ಯೋಜನೆಯಲ್ಲಿ ಮೊದಲ ಪ್ರಶ್ನೆ, ಹೊಸ ಇಂಪ್ಲಾಂಟಿಗೆ ಆಸರೆ ನೀಡಬಲ್ಲ ಮೂಳೆ ಎಷ್ಟು ಉಳಿದಿದೆ ಎಂಬುದು. ಇದಕ್ಕೆ ಅಮೆರಿಕದ ಶಸ್ತ್ರವೈದ್ಯ ವೇಯ್ನ್ ಪಾಪ್ರೋಸ್ಕಿಯವರ ವರ್ಗೀಕರಣ ವ್ಯಾಪಕವಾಗಿ ಬಳಕೆಯಲ್ಲಿದೆ. ಬಟ್ಟಲಿನ ಭಾಗದಲ್ಲಿ ಕೀಲಿನ ಕೇಂದ್ರ ಎಷ್ಟು ಮೇಲಕ್ಕೆ ಸರಿದಿದೆ, ಯಾವ ಗೋಡೆಗಳು ಕರಗಿವೆ ಎಂಬುದರ ಮೇಲೆ ಒಂದರಿಂದ ಮೂರರವರೆಗಿನ ದರ್ಜೆಗಳನ್ನು ನೀಡಲಾಗುತ್ತದೆ. ತೊಡೆಮೂಳೆಯ ಭಾಗದಲ್ಲಿ ದರ್ಜೆಗಳು ಒಂದರಿಂದ ನಾಲ್ಕರವರೆಗೆ ಇವೆ. ಇಲ್ಲಿ ನಿರ್ಣಾಯಕ ಅಳತೆ, ಮೂಳೆಯ ಕಿರಿದಾದ ನಡುಭಾಗದಲ್ಲಿ ಕಾಂಡವನ್ನು ಬಿಗಿಯಾಗಿ ಹಿಡಿಯಬಲ್ಲ ಭಾಗದ ಉದ್ದ. 4 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉದ್ದದ ಒಳ್ಳೆಯ ಮೂಳೆಯಿದ್ದರೆ ಅದು ಮೂರನೆಯ ದರ್ಜೆಯ ಮೊದಲ ಉಪವರ್ಗಕ್ಕೂ, ಕಡಿಮೆಯಿದ್ದರೆ ಎರಡನೆಯ ಉಪವರ್ಗಕ್ಕೂ ಸೇರುತ್ತದೆ. ನಾಲ್ಕನೆಯ ದರ್ಜೆಯಲ್ಲಿ ತೊಡೆಮೂಳೆಯು ತೆಳುವಾದ ಗೋಡೆಯ ಅಗಲ ಕೊಳವೆಯಂತಾಗಿ, ಇಂಪ್ಲಾಂಟನ್ನು ಬಿಗಿಹಿಡಿಯಲು ಜಾಗವೇ ಉಳಿದಿರುವುದಿಲ್ಲ.

ಬಳಸುವ ಇಂಪ್ಲಾಂಟ್‌ಗಳು

ಬಟ್ಟಲಿನ ಭಾಗ: ಬಟ್ಟಲಿನ ಅಂಚುಗಳು ಬಹುಮಟ್ಟಿಗೆ ಉಳಿದಿದ್ದರೆ, ರಂಧ್ರಯುಕ್ತ ಮೇಲ್ಮೈಯ ಅರ್ಧಗೋಳಾಕಾರದ ಕಪ್ ಮತ್ತು ಸ್ಕ್ರೂಗಳು ಸಾಕಾಗುತ್ತವೆ. ಹೆಚ್ಚಿನ ಮರುಬದಲಿಗಳಲ್ಲಿ ಬಳಕೆಯಾಗುವುದು ಇದೇ. ಸ್ಪಂಜಿನಂಥ ರಚನೆಯುಳ್ಳ ಟ್ಯಾಂಟಲಂ ಮತ್ತು ಟೈಟಾನಿಯಂ ಲೋಹಗಳ ಕಪ್‌ಗಳು ಬಂದ ಬಳಿಕ, ಜೀವಂತ ಮೂಳೆಯ ಸಂಪರ್ಕ ಕಡಿಮೆಯಿದ್ದ ಕಡೆಯೂ ಹಿಡಿತ ಸಾಧಿಸುವುದು ಸುಲಭವಾಗಿದೆ. ದೊಡ್ಡ ಟೊಳ್ಳುಗಳನ್ನು ತುಂಬಲು ಅದೇ ಲೋಹದ ಬೆಣೆಯಾಕಾರದ ತುಂಡುಗಳನ್ನು ಕಪ್‌ಗೆ ಜೋಡಿಸಲಾಗುತ್ತದೆ. ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಅಭಿವೃದ್ಧಿಗೊಂಡ ಇನ್ನೊಂದು ವಿಧಾನದಲ್ಲಿ, ದಾನಿಗಳ ಮೂಳೆಯ ಚೂರುಗಳನ್ನು ಟೊಳ್ಳಿನೊಳಗೆ ಗಟ್ಟಿಯಾಗಿ ಬಡಿದು ತುಂಬಿ, ಅದರ ಮೇಲೆ ಸಿಮೆಂಟ್ ಸಹಿತ ಕಪ್ ಕೂರಿಸಲಾಗುತ್ತದೆ. ಕಾಲಕ್ರಮೇಣ ಆ ಚೂರುಗಳ ಜಾಗದಲ್ಲಿ ರೋಗಿಯ ಸ್ವಂತ ಮೂಳೆ ಬೆಳೆಯುತ್ತದೆ. ಮುಂದೆ ಇನ್ನೊಂದು ಮರುಬದಲಿ ಬೇಕಾಗಬಹುದಾದ ಕಿರಿಯ ವಯಸ್ಸಿನ ರೋಗಿಗಳಿಗೆ ಇದು ವಿಶೇಷ ಅನುಕೂಲ.

ಶ್ರೋಣಿಯ ಮೂಳೆಯೇ ಇಬ್ಭಾಗವಾಗಿರುವ ಸಂದರ್ಭಗಳಲ್ಲಿ ಲೋಹದ ಪಂಜರ, ಕಪ್ ಮತ್ತು ಪಂಜರಗಳ ಜೋಡಿ, ಅಥವಾ ಸಿಟಿ ಸ್ಕ್ಯಾನ್ ಆಧರಿಸಿ ರೋಗಿಯ ಅಳತೆಗೇ ತಯಾರಿಸಿದ ಮೂರು ಚಾಚುಗಳ ಇಂಪ್ಲಾಂಟ್ ಬಳಸಲಾಗುತ್ತದೆ. ಮೂಳೆಯೊಂದಿಗೆ ಬೆಸೆದುಕೊಳ್ಳದ ಹಳೆಯ ಮಾದರಿಯ ಪಂಜರಗಳಲ್ಲಿ ವರ್ಷಗಳು ಕಳೆದಂತೆ ಲೋಹದ ದಣಿವಿನಿಂದ ಸ್ಕ್ರೂಗಳು ಸಡಿಲಗೊಳ್ಳುವುದು ಅಥವಾ ಚಾಚುಗಳು ಮುರಿಯುವುದು ಮುಖ್ಯ ದೋಷವಾಗಿತ್ತು.

ತೊಡೆಮೂಳೆಯ ಭಾಗ: ಮೂಳೆಯ ಮೇಲ್ತುದಿ ದುರ್ಬಲವಾಗಿರುವುದರಿಂದ ಮರುಬದಲಿ ಕಾಂಡಗಳು ಸಾಮಾನ್ಯವಾಗಿ ಉದ್ದವಾಗಿದ್ದು, ಕೆಳಗಿನ ಗಟ್ಟಿ ಮೂಳೆಯಲ್ಲಿ ಹಿಡಿತ ಪಡೆಯುತ್ತವೆ. 1980ರ ದಶಕದಿಂದ ಉದ್ದಕ್ಕೂ ರಂಧ್ರಯುಕ್ತ ಲೇಪನವುಳ್ಳ ಕೋಬಾಲ್ಟ್-ಕ್ರೋಮಿಯಂ ಕಾಂಡಗಳು ಹೆಚ್ಚು ಬಳಕೆಯಲ್ಲಿದ್ದವು. ಅವುಗಳ ಬಾಳಿಕೆ ಉತ್ತಮವಾಗಿದ್ದರೂ, ಲೋಹವು ಮೂಳೆಗಿಂತ ತೀರಾ ಗಡುಸಾದ್ದರಿಂದ ತೊಡೆನೋವು ಉಂಟಾಗುವುದು ಹಾಗೂ ಭಾರ ಬೀಳದ ಮೇಲ್ತುದಿಯ ಮೂಳೆ ಕ್ಷಯಿಸುವುದು ಕಂಡುಬಂದಿತು. 1987ರಲ್ಲಿ ಜರ್ಮನಿಯ ಹೈಂಜ್ ವಾಗ್ನರ್ ಪರಿಚಯಿಸಿದ, ಉದ್ದಗೀರುಗಳುಳ್ಳ ಶಂಕುವಿನಾಕಾರದ ಟೈಟಾನಿಯಂ ಕಾಂಡವು ಬೇರೆ ಮಾರ್ಗ ತೋರಿಸಿತು. ಶಂಕುವಿನ ಆಕಾರ ಕಾಂಡವು ಕೆಳಕ್ಕೆ ಇಳಿಯುವುದನ್ನೂ, ಗೀರುಗಳು ಅದು ತಿರುಗುವುದನ್ನೂ ತಡೆಯುತ್ತವೆ. ಆರಂಭದ ತಿಂಗಳುಗಳಲ್ಲಿ ಕಾಂಡ ಕೆಲವು ಮಿಲಿಮೀಟರ್ ಕುಸಿಯುವುದು ಈ ವಿನ್ಯಾಸದ ಪ್ರಸಿದ್ಧ ದೌರ್ಬಲ್ಯ. ನಂತರ ಬಂದ ಎರಡು ತುಂಡುಗಳ ಕಾಂಡಗಳಲ್ಲಿ ಕೆಳಭಾಗವನ್ನು ಬಿಗಿಯಾಗಿ ಕೂರಿಸಿದ ಮೇಲೆ ಕಾಲಿನ ಉದ್ದ ಮತ್ತು ಕೋನವನ್ನು ಪ್ರತ್ಯೇಕವಾಗಿ ಹೊಂದಿಸಬಹುದು. ಆದರೆ ಎರಡು ತುಂಡುಗಳು ಸೇರುವ ಜಾಗಕ್ಕೆ ಮೇಲಿನ ಮೂಳೆಯ ಆಸರೆ ಇಲ್ಲದಿದ್ದರೆ ಅಲ್ಲಿ ಲೋಹ ಮುರಿಯುವ ಅಪಾಯವಿದೆ.

ಹಳೆಯ ಸಿಮೆಂಟ್ ಮೂಳೆಗೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೀಳದೆ, ಅದರೊಳಗೇ ಹೊಸ ಸಿಮೆಂಟ್ ಹಾಕಿ ತುಸು ಚಿಕ್ಕ ಕಾಂಡವನ್ನು ಕೂರಿಸುವುದೂ ಉಂಟು. ಮೂಳೆಯ ಅನಗತ್ಯ ನಷ್ಟವನ್ನು ಇದು ತಪ್ಪಿಸುತ್ತದೆ.

ಉಜ್ಜುವ ಮೇಲ್ಮೈಗಳು: ಮರುಬದಲಿಯ ನಂತರ ಕೀಲು ಜಾರುವ ಸಾಧ್ಯತೆ ಪ್ರಾಥಮಿಕ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಇದನ್ನು ಕಡಿಮೆ ಮಾಡಲು ದೊಡ್ಡ ಗುಂಡುಗಳನ್ನೂ, ಗುಂಡಿನ ಹೊರಗೆ ಇನ್ನೊಂದು ಚಲಿಸುವ ಪಾಲಿಎಥಿಲೀನ್ ಗೋಳವಿರುವ ಇಮ್ಮಡಿ ಚಲನೆಯ ಕಪ್‌ಗಳನ್ನೂ ಬಳಸಲಾಗುತ್ತದೆ. ಇಮ್ಮಡಿ ಚಲನೆಯ ಕಲ್ಪನೆಯನ್ನು 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ರೂಪಿಸಿದರು. ಸಿರಾಮಿಕ್ ಗುಂಡು ಒಡೆದ ಕಾರಣಕ್ಕೆ ಮರುಬದಲಿ ನಡೆದರೆ, ಹೊಸದಾಗಿ ಲೋಹದ ಗುಂಡನ್ನು ಹಾಕುವುದು ಸೂಕ್ತವಲ್ಲ. ಎಷ್ಟು ಶುಚಿಗೊಳಿಸಿದರೂ ಉಳಿಯುವ ಗಡುಸಾದ ಸಿರಾಮಿಕ್ ಚೂರುಗಳು ಲೋಹವನ್ನು ವೇಗವಾಗಿ ಸವೆಸುತ್ತವೆ.

ಸೋಂಕಿನ ಸಂದರ್ಭದಲ್ಲಿ ಮರುಬದಲಿ

ಸೋಂಕು ತಗುಲಿದ ಕೀಲಿಗೆ ಮೂರು ಮುಖ್ಯ ಮಾರ್ಗಗಳಿವೆ. ಸೋಂಕು ಹೊಸದಾಗಿದ್ದು ಇಂಪ್ಲಾಂಟ್ ಗಟ್ಟಿಯಾಗಿದ್ದರೆ, ಕೆಟ್ಟ ಅಂಗಾಂಶವನ್ನು ತೆಗೆದು, ಬದಲಿಸಬಹುದಾದ ಭಾಗಗಳನ್ನು ಮಾತ್ರ ಬದಲಿಸಿ, ದೀರ್ಘಕಾಲ ಪ್ರತಿಜೈವಿಕ ಔಷಧಿ ನೀಡಬಹುದು. ಹಳೆಯ ಸೋಂಕಿನಲ್ಲಿ ಎಲ್ಲ ಭಾಗಗಳನ್ನೂ ತೆಗೆಯುವುದು ಅನಿವಾರ್ಯ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬುಖ್‌ಹೋಲ್ಟ್ಸ್ ಅವರು ಪ್ರತಿಜೈವಿಕ ಬೆರೆಸಿದ ಸಿಮೆಂಟ್ ಬಳಸಿ ಒಂದೇ ಹಂತದಲ್ಲಿ ಹೊಸ ಕೀಲನ್ನು ಅಳವಡಿಸುವ ವಿಧಾನವನ್ನು ಬೆಳೆಸಿದರು. ಎರಡು ಹಂತದ ವಿಧಾನದಲ್ಲಿ ಮೊದಲು ಕೀಲನ್ನು ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಇಟ್ಟು, ವಾರಗಳು ಅಥವಾ ತಿಂಗಳುಗಳ ಬಳಿಕ ಹೊಸ ಕೀಲನ್ನು ಅಳವಡಿಸುತ್ತಾರೆ.

ದೀರ್ಘಕಾಲ ಎರಡು ಹಂತದ ವಿಧಾನವೇ ಶ್ರೇಷ್ಠವೆಂದು ನಂಬಲಾಗಿತ್ತು. 140 ರೋಗಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಇನ್‌ಫಾರ್ಮ್ ಎಂಬ ಯಾದೃಚ್ಛಿಕ ಪ್ರಯೋಗದಲ್ಲಿ, 18 ತಿಂಗಳ ನಂತರ ನೋವು, ಬಿಗಿತ ಮತ್ತು ಚಲನೆಯ ಅಳತೆಗಳಲ್ಲಿ ಎರಡೂ ವಿಧಾನಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಎರಡು ಹಂತಗಳ ನಡುವಿನ ಅವಧಿಯಲ್ಲಿ ರೋಗಿ ಸರಿಯಾಗಿ ನಡೆಯಲಾಗದೆ ಕಳೆಯಬೇಕಾದ ತಿಂಗಳುಗಳನ್ನು ಗಮನಿಸಿದರೆ ಈ ಫಲಿತಾಂಶಕ್ಕೆ ಮಹತ್ವವಿದೆ.

ಬಾಳಿಕೆಯನ್ನು ಅಳೆಯುವ ಬಗೆ

ಇಂಪ್ಲಾಂಟಿನ ಬಾಳಿಕೆಯನ್ನು ಸಾಮಾನ್ಯವಾಗಿ ಮರುಶಸ್ತ್ರಚಿಕಿತ್ಸೆ ಇಲ್ಲದೆ ಉಳಿದ ಕೀಲುಗಳ ಶೇಕಡಾವಾರು ಪ್ರಮಾಣವಾಗಿ ಹೇಳಲಾಗುತ್ತದೆ. ಇದಕ್ಕೆ ಕಪ್ಲಾನ್-ಮೈಯರ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನ ಬಳಕೆಯಲ್ಲಿದೆ. ಇಂಥ ಅಂಕಿಗಳನ್ನು ಓದುವಾಗ ಮೂರು ವಿಷಯಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದಾಗಿ, ಎಣಿಕೆಯ ಅಂತಿಮ ಬಿಂದು ಯಾವುದು ಎಂಬುದು. ಸೋಂಕುರಹಿತ ಸಡಿಲಿಕೆಯನ್ನು ಮಾತ್ರ ವೈಫಲ್ಯವೆಂದು ಪರಿಗಣಿಸಿದ ಅಧ್ಯಯನವು, ಸೋಂಕು, ಜಾರುವಿಕೆ ಮತ್ತು ಮುರಿತಗಳನ್ನೂ ಸೇರಿಸಿಕೊಂಡ ಅಧ್ಯಯನಕ್ಕಿಂತ ಉತ್ತಮ ಅಂಕಿಯನ್ನು ತೋರಿಸುತ್ತದೆ. ಎರಡನೆಯದಾಗಿ, ವಯಸ್ಸಾದ ರೋಗಿಗಳಲ್ಲಿ ಅನೇಕರು ಇಂಪ್ಲಾಂಟ್ ವಿಫಲವಾಗುವ ಮೊದಲೇ ಮರಣ ಹೊಂದುತ್ತಾರೆ. ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಿಜವಾಗಿ ಮರುಬದಲಿ ಆಗುವವರ ಪ್ರಮಾಣ ಹೆಚ್ಚಾಗಿ ತೋರುತ್ತದೆ. ಮೂರನೆಯದಾಗಿ, ಮರುಶಸ್ತ್ರಚಿಕಿತ್ಸೆ ಆಗದಿರುವುದು ಯಶಸ್ಸಿಗೆ ಸಮಾನವಲ್ಲ. ನೋವಿದ್ದರೂ ದೇಹಸ್ಥಿತಿ ಅನುಮತಿಸದ ಕಾರಣಕ್ಕೋ, ಹಣದ ಕೊರತೆಯಿಂದಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರೂ ಬಾಳಿಕೆಯ ಪಟ್ಟಿಯಲ್ಲೇ ಸೇರುತ್ತಾರೆ. ಆದ್ದರಿಂದ ಹ್ಯಾರಿಸ್ ಅಂಕ, ಆಕ್ಸ್‌ಫರ್ಡ್ ಅಂಕ ಮುಂತಾದ, ನೋವು ಮತ್ತು ಚಲನೆಯನ್ನು ಅಳೆಯುವ ಮಾಪಕಗಳನ್ನೂ ಜೊತೆಗೆ ಬಳಸಲಾಗುತ್ತದೆ.

ದೀರ್ಘಕಾಲೀನ ಫಲಿತಾಂಶಗಳು

ಪ್ರಾಥಮಿಕ ಬದಲಿಯ ಕುರಿತು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಆಸ್ಟ್ರೇಲಿಯಾ ಮತ್ತು ಫಿನ್‌ಲ್ಯಾಂಡಿನ ರಾಷ್ಟ್ರೀಯ ನೋಂದಣಿಗಳನ್ನು ಬಳಸಿಕೊಂಡಿತು. ಅದರ ಪ್ರಕಾರ ಸುಮಾರು 89% ಕೀಲುಗಳು 15 ವರ್ಷ, 70% ಕೀಲುಗಳು 20 ವರ್ಷ ಹಾಗೂ 58% ಕೀಲುಗಳು 25 ವರ್ಷ ಬಾಳುತ್ತವೆ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದು ಜೀವಮಾನದಲ್ಲಿ ಮರುಬದಲಿಯ ಸಾಧ್ಯತೆಯನ್ನು ಲೆಕ್ಕಹಾಕಿತು. 70 ವರ್ಷದ ನಂತರ ಕೀಲು ಬದಲಿಸಿಕೊಂಡವರಲ್ಲಿ ಅದು ಸುಮಾರು 5%. 50ರ ದಶಕದ ಆರಂಭದಲ್ಲಿ ಬದಲಿಸಿಕೊಂಡ ಪುರುಷರಲ್ಲಿ ಸುಮಾರು 35%.

ಮರುಬದಲಿಯ ಕೀಲುಗಳ ಬಾಳಿಕೆ ಇದಕ್ಕಿಂತ ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳನ್ನು ಒಳಗೊಂಡ ರಾಷ್ಟ್ರೀಯ ಕೀಲು ನೋಂದಣಿಯ ಮಾಹಿತಿಯನ್ನು ಆಧರಿಸಿ, 29,000ಕ್ಕೂ ಹೆಚ್ಚು ಮರುಬದಲಿಗಳನ್ನು ಪರಿಶೀಲಿಸಿದ ಅಧ್ಯಯನವು 2022ರಲ್ಲಿ ಪ್ರಕಟವಾಯಿತು. ಮೊದಲ ಮರುಬದಲಿಗಳಲ್ಲಿ ಸುಮಾರು 21% ಕೀಲುಗಳಿಗೆ 15 ವರ್ಷಗಳೊಳಗೆ ಎರಡನೆಯ ಮರುಬದಲಿ ಬೇಕಾಯಿತು. ಎರಡನೆಯ ಮರುಬದಲಿಗಳಲ್ಲಿ ಸುಮಾರು 22% ಕೀಲುಗಳು 7 ವರ್ಷಗಳೊಳಗೇ ಮೂರನೆಯದನ್ನು ಬೇಡಿದವು. ಮೂರನೆಯ ಮರುಬದಲಿಗಳಲ್ಲಿ ಅಷ್ಟೇ ಪ್ರಮಾಣದ ವೈಫಲ್ಯಕ್ಕೆ 3 ವರ್ಷ ಸಾಕಾಯಿತು. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಅಂತರ ಕಡಿಮೆಯಾದಷ್ಟೂ ಮುಂದಿನದು ಬೇಗ ವಿಫಲವಾಗುವ ಪ್ರವೃತ್ತಿಯೂ ಕಂಡುಬಂದಿತು. ಹೀಗಾಗಿ ಪ್ರಾಥಮಿಕ ಶಸ್ತ್ರಚಿಕಿತ್ಸೆ ಮತ್ತು ಮೊದಲ ಮರುಬದಲಿಗಳಲ್ಲಿ ಇಂಪ್ಲಾಂಟಿನ ಆಯ್ಕೆ ಹಾಗೂ ಶಸ್ತ್ರಚಿಕಿತ್ಸೆಯ ಗುಣಮಟ್ಟ ರೋಗಿಯ ಮುಂದಿನ ಇಡೀ ಜೀವನದ ಮೇಲೆ ಪರಿಣಾಮ ಬೀರುತ್ತವೆ.

ವೈಫಲ್ಯದ ಕಾರಣಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಮರುಬದಲಿಯ ನಂತರದ ಮೊದಲ ವರ್ಷಗಳಲ್ಲಿ ಸೋಂಕು ಮತ್ತು ಜಾರುವಿಕೆ ಪ್ರಧಾನ. ಸಡಿಲಿಕೆ ಮತ್ತು ಮೂಳೆ ಮುರಿತಗಳ ಪಾಲು ನಂತರದ ವರ್ಷಗಳಲ್ಲಿ ಹೆಚ್ಚುತ್ತದೆ. ಸೋಂಕಿನ ಕಾರಣಕ್ಕೆ ನಡೆದ ಮರುಬದಲಿಗಳಲ್ಲಿ ಮತ್ತೆ ಸೋಂಕು ತಗುಲುವ ಸಾಧ್ಯತೆ ಹೆಚ್ಚು. ಸವೆದ ಒಳಪದರವನ್ನಷ್ಟೇ ಬದಲಿಸುವುದು ಸಣ್ಣ ಶಸ್ತ್ರಚಿಕಿತ್ಸೆಯಾದರೂ, ಅದರ ನಂತರ ಕೀಲು ಜಾರುವುದು ಗಮನಾರ್ಹ ಪ್ರಮಾಣದಲ್ಲಿದೆ. ಯಶಸ್ವಿ ಮರುಬದಲಿಯಿಂದ ನೋವು ಬಹುಮಟ್ಟಿಗೆ ತಗ್ಗುತ್ತದೆ; ಆದರೆ ಕುಂಟುವಿಕೆ, ಕಾಲಿನ ಉದ್ದದ ವ್ಯತ್ಯಾಸ ಮತ್ತು ಊರುಗೋಲಿನ ಅಗತ್ಯ ಪ್ರಾಥಮಿಕ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಜನರಲ್ಲಿ ಉಳಿಯುತ್ತವೆ.

ಕೀಲು ನೋಂದಣಿಗಳು

ಒಂದು ಆಸ್ಪತ್ರೆಯ ಅನುಭವದಿಂದ ಇಂಪ್ಲಾಂಟ್ ದೋಷವನ್ನು ಗುರುತಿಸುವುದು ಕಷ್ಟ. ಈ ಕೊರತೆಯನ್ನು ತುಂಬಲು ಸ್ವೀಡನ್ 1979ರಲ್ಲಿ ಸೊಂಟದ ಕೀಲುಗಳ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ಫಿನ್‌ಲ್ಯಾಂಡ್ 1980ರಲ್ಲಿ, ನಾರ್ವೆ 1987ರಲ್ಲಿ, ಆಸ್ಟ್ರೇಲಿಯಾ 1999ರಲ್ಲಿ ಇದೇ ದಾರಿ ಹಿಡಿದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಿಂದ ಮಾಹಿತಿ ಸಂಗ್ರಹ ನಡೆಯುತ್ತಿದೆ. ಪ್ರತಿ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಇಂಪ್ಲಾಂಟಿನ ಮಾದರಿ ಮತ್ತು ತಂಡದ ಸಂಖ್ಯೆ ದಾಖಲಾಗಿ, ಅದೇ ರೋಗಿಗೆ ಮುಂದೆ ಮರುಬದಲಿ ನಡೆದಾಗ ಎರಡೂ ದಾಖಲೆಗಳು ಜೋಡಣೆಯಾಗುತ್ತವೆ.

ಬೋನ್‌ಲಾಕ್ ಎಂಬ ಮೂಳೆ ಸಿಮೆಂಟಿನ ಕಳಪೆ ಫಲಿತಾಂಶವನ್ನು ನಾರ್ವೆಯ ನೋಂದಣಿ ಬಹುಬೇಗ ಗುರುತಿಸಿತು; 1995ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಬ್ರಿಟನ್ನಿನ ನೈಸ್ ಸಂಸ್ಥೆಯು 2000ದಲ್ಲಿ, 10 ವರ್ಷಗಳಲ್ಲಿ ಮರುಬದಲಿ ಪ್ರಮಾಣ 10% ಮೀರದ ಇಂಪ್ಲಾಂಟ್‌ಗಳನ್ನೇ ಬಳಸಬೇಕೆಂದು ಸೂಚಿಸಿತ್ತು. 2014ರಲ್ಲಿ ಈ ಮಿತಿಯನ್ನು 5%ಗೆ ಇಳಿಸಲಾಯಿತು.

ಎಎಸ್‌ಆರ್ ಪ್ರಕರಣ

ಜಾನ್ಸನ್ ಆಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿಯು ತಯಾರಿಸಿದ ಎಎಸ್‌ಆರ್ ಎಂಬ, ಲೋಹಕ್ಕೆ ಲೋಹ ಉಜ್ಜುವ ಕೀಲು, ನೋಂದಣಿಗಳ ಮಹತ್ವವನ್ನು ಜಗತ್ತಿಗೆ ತೋರಿಸಿದ ಪ್ರಕರಣ. ಆಸ್ಟ್ರೇಲಿಯಾದ ನೋಂದಣಿಯು ಇದರ ಮರುಬದಲಿ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಿರುವುದನ್ನು ಗುರುತಿಸಿದ ಬಳಿಕ, 2009ರ ಡಿಸೆಂಬರ್‌ನಲ್ಲಿ ಆ ದೇಶದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆಯಲಾಯಿತು. ಬ್ರಿಟನ್ನಿನ ಮಾಹಿತಿಯು 5 ವರ್ಷಗಳಲ್ಲೇ 12ರಿಂದ 13% ಮರುಬದಲಿಗಳನ್ನು ತೋರಿಸಿತು. 2010ರ ಆಗಸ್ಟ್ 24ರಂದು ಕಂಪನಿಯು ಜಗತ್ತಿನಾದ್ಯಂತ ಈ ಉತ್ಪನ್ನವನ್ನು ಹಿಂಪಡೆಯಿತು. ಅಷ್ಟರಲ್ಲಿ ಸುಮಾರು 93,000 ಮಂದಿಗೆ ಅದನ್ನು ಅಳವಡಿಸಲಾಗಿತ್ತು.

ಭಾರತದಲ್ಲಿ ಸುಮಾರು 4,700 ಎಎಸ್‌ಆರ್ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿ ಡಾ. ಅರುಣ್ ಕುಮಾರ್ ಅಗರ್ವಾಲ್ ಅಧ್ಯಕ್ಷತೆಯ ತಜ್ಞರ ಸಮಿತಿಯನ್ನು ನೇಮಿಸಿತು. ಬಾಧಿತರಿಗೆ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸಮಿತಿ ಶಿಫಾರಸು ಮಾಡಿತು. ನಂತರ ರೂಪಿಸಲಾದ ಸೂತ್ರದಲ್ಲಿ ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣಕ್ಕೆ ಅನುಗುಣವಾಗಿ ಪರಿಹಾರದ ಮೊತ್ತವನ್ನು 30 ಲಕ್ಷದಿಂದ ಸುಮಾರು 1.23 ಕೋಟಿ ರೂಪಾಯಿಗಳವರೆಗೆ ನಿಗದಿಪಡಿಸಲಾಯಿತು. ಆದರೆ ರೋಗಿಗಳಲ್ಲಿ ಬಹುಪಾಲು ಜನರನ್ನು ಪತ್ತೆಹಚ್ಚಲಾಗಲಿಲ್ಲ. ಯಾರ ದೇಹದಲ್ಲಿ ಯಾವ ಇಂಪ್ಲಾಂಟ್ ಇದೆ ಎಂಬ ಕಡ್ಡಾಯ ರಾಷ್ಟ್ರೀಯ ದಾಖಲೆ ಇರದಿದ್ದುದರಿಂದ, ಉತ್ಪನ್ನವನ್ನು ಹಿಂಪಡೆದ ಸುದ್ದಿಯನ್ನು ಅದು ಸಂಬಂಧಿಸಿದ ವ್ಯಕ್ತಿಗಳಿಗೆ ತಲುಪಿಸುವ ಮಾರ್ಗವೇ ಇರಲಿಲ್ಲ.

ಭಾರತದಲ್ಲಿ

ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲನ್ನು ಬದಲಿಸಿಕೊಳ್ಳುವವರಲ್ಲಿ ಹೆಚ್ಚಿನವರು ವಯೋಸಹಜ ಸಂಧಿವಾತದ ವೃದ್ಧರು. ಭಾರತದಲ್ಲಿ ರಕ್ತಪೂರೈಕೆ ನಿಂತು ತೊಡೆಮೂಳೆಯ ಗುಂಡು ಸಾಯುವ ರೋಗ, ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಮತ್ತು ಸಕಾಲದಲ್ಲಿ ಚಿಕಿತ್ಸೆ ದೊರೆಯದ ಮುರಿತಗಳಿಂದ ಕಿರಿಯ ವಯಸ್ಸಿನಲ್ಲೇ ಈ ಶಸ್ತ್ರಚಿಕಿತ್ಸೆಗೆ ಒಳಗಾಗುವವರ ಸಂಖ್ಯೆ ದೊಡ್ಡದು. ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲುಗಳನ್ನು ಎಳೆಯ ವಯಸ್ಸಿನಲ್ಲೇ ಹಾನಿಗೊಳಿಸುವ ಆನುವಂಶಿಕ ರೋಗ. ಮೂವತ್ತರ ಆಸುಪಾಸಿನಲ್ಲಿ ಕೀಲು ಬದಲಿಸಿಕೊಂಡ ವ್ಯಕ್ತಿ ಮುಂದೆ ಹಲವು ದಶಕ ಬದುಕುವುದರಿಂದ, ಅಂಥವರಿಗೆ ಒಂದು ಅಥವಾ ಹೆಚ್ಚು ಮರುಬದಲಿಗಳು ಬೇಕಾಗುವ ಸಂಭವ ಹೆಚ್ಚು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಮುಂತಾದ ರೂಢಿಗಳಲ್ಲಿ ಕೀಲು ಅತಿಯಾಗಿ ಮಡಚಿಕೊಳ್ಳುವುದರಿಂದ, ಜಾರುವ ಅಪಾಯವುಳ್ಳ ಕೀಲುಗಳಲ್ಲಿ ಇವುಗಳ ಕುರಿತು ವಿಶೇಷ ಎಚ್ಚರಿಕೆ ನೀಡಲಾಗುತ್ತದೆ.

ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ವರದಿ ಮಾಡಲು 2015ರ ಜುಲೈನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗದ ಮೂಲಕ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು. ವೈದ್ಯಕೀಯ ಸಾಧನಗಳ ನಿಯಮಗಳು, 2017 ಎಂಬ ಪ್ರತ್ಯೇಕ ನಿಯಮಾವಳಿ 2018ರ ಜನವರಿ 1ರಿಂದ ಜಾರಿಗೆ ಬಂದಿತು.

ಅನುಸರಣೆ ಮತ್ತು ತಪಾಸಣೆ

ಮೂಳೆ ಕರಗುವಿಕೆ ನೋವಿಲ್ಲದೆ ಮುಂದುವರಿಯಬಲ್ಲದ್ದರಿಂದ, ಕೃತಕ ಕೀಲು ಇರುವವರಿಗೆ ನಿಯತಕಾಲಿಕ ಎಕ್ಸ್-ರೇ ತಪಾಸಣೆಯನ್ನು ಸೂಚಿಸಲಾಗುತ್ತದೆ. ಹಿಂದಿನ ಎಕ್ಸ್-ರೇಗಳೊಂದಿಗೆ ಹೋಲಿಸಿದಾಗ ಮಾತ್ರ ಕಾಂಡದ ಕುಸಿತ, ಕಪ್‌ನ ಸ್ಥಾನಪಲ್ಲಟ ಮತ್ತು ಹೊಸ ಟೊಳ್ಳುಗಳು ಖಚಿತವಾಗಿ ಗೋಚರಿಸುತ್ತವೆ. ಸೋಂಕಿನ ಅನುಮಾನವಿದ್ದರೆ ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಪರೀಕ್ಷೆ ಮತ್ತು ಕೀಲಿನ ದ್ರವದ ಪರೀಕ್ಷೆ ನಡೆಸಲಾಗುತ್ತದೆ. ಲೋಹಕ್ಕೆ ಲೋಹ ಉಜ್ಜುವ ಕೀಲುಗಳಲ್ಲಿ ರಕ್ತದ ಕೋಬಾಲ್ಟ್ ಅಥವಾ ಕ್ರೋಮಿಯಂ ಮಟ್ಟ ಲೀಟರಿಗೆ 7 ಮೈಕ್ರೋಗ್ರಾಂ ಮೀರಿದರೆ ಹೆಚ್ಚಿನ ತನಿಖೆ ಅಗತ್ಯವೆಂದು ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಸೂಚಿಸಿತ್ತು.

ಮರುಬದಲಿಗೆ ಮುಂಚೆ ಹಳೆಯ ಇಂಪ್ಲಾಂಟಿನ ತಯಾರಕರು, ಮಾದರಿ ಮತ್ತು ಅಳತೆಗಳು ತಿಳಿದಿರುವುದು ಅತ್ಯಗತ್ಯ. ಕಪ್ ಗಟ್ಟಿಯಾಗಿದ್ದು ಒಳಪದರ ಮಾತ್ರ ಸವೆದಿದ್ದರೆ, ಅದಕ್ಕೆ ಹೊಂದುವ ಒಳಪದರ ದೊರೆತಾಗ ಕಪ್ ಉಳಿಯುತ್ತದೆ. ಮಾದರಿ ತಿಳಿಯದಿದ್ದರೆ ಗಟ್ಟಿಯಾದ ಕಪ್ಪನ್ನೂ ಕೀಳಬೇಕಾಗಬಹುದು. ಈ ವಿವರಗಳು ಮೊದಲ ಶಸ್ತ್ರಚಿಕಿತ್ಸೆಯ ವರದಿಯಲ್ಲಿಯೂ, ಇಂಪ್ಲಾಂಟಿನ ಪೊಟ್ಟಣದೊಂದಿಗೆ ಬರುವ ಚೀಟಿಗಳಲ್ಲಿಯೂ ಇರುತ್ತವೆ. ಬಿಡುಗಡೆಯ ಸಮಯದಲ್ಲಿ ಇವುಗಳ ಪ್ರತಿಯನ್ನು ಪಡೆದು ಇಟ್ಟುಕೊಂಡಿರುವ ರೋಗಿಗೆ, ಹತ್ತಿಪ್ಪತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ, ಬೇರೆ ವೈದ್ಯರಿಂದ ಮರುಬದಲಿ ನಡೆಯುವಾಗಲೂ ಸೂಕ್ತ ಯೋಜನೆ ಸಾಧ್ಯವಾಗುತ್ತದೆ.